ಡಿಲೀಟ್ ಮಾಡಿಸಿದ್ದು ನಾನೇ

ಎರಡು ತಿಂಗಳ ಹಿಂದೆ ನಾನೊಂದು ಅಪರಾಧದ ಸಾಕ್ಷಿ ನಾಶ ಮಾಡಿದೆ. ಅದೂ ಹಾಡಹಗಲೇ, ಮನೆ ಮನೆಗೆ ಹೋಗಿ, ಕೈ ಮುಗಿದು!

ಗಾಬರಿಯಾಗಬೇಡಿ, ಹೇಳ್ತೀನಿ.

ನನ್ನ ತಮ್ಮನ ಮಗಳು ಶೋಭಾ, ವಕ್ಕಲೇರಿ ಹತ್ತಿರದ ನಮ್ಮೂರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಹಾಲಿಗೆ ನೀರು ಬೆರೆಸಿ ತಂದರೆ ಹೆತ್ತಪ್ಪನಾದರೂ ಕ್ಯಾನು ವಾಪಸ್. (ನನ್ನ ತಮ್ಮನಿಗೆ ಒಮ್ಮೆ ಆ ಯೋಗ ಬಂದಿತ್ತು. ಹಸು ಅವತ್ತು ನೀರು ಜಾಸ್ತಿ ಕುಡಿದಿತ್ತಂತೆ!) ಇಂಥವಳ ಮೇಲೆ ಊರಲ್ಲಿ ಹಲ್ಲು ಮಸೆಯುವವರು ಇಲ್ಲದೇ ಇರ್ತಾರಾ?

ಒಂದು ಬೆಳಿಗ್ಗೆ ಡೇರಿಯ ವಾಟ್ಸ್ಆ್ಯಪ್ ಗ್ರೂಪಿಗೆ ಯಾವುದೋ ಹೊಸ ನಂಬರಿನಿಂದ ಒಂದು ಫೋಟೊ ಬಂತು. ಮುಖ ಶೋಭಾಳದು. ಬಟ್ಟೆಯಿಲ್ಲದ ಮೈ ಇನ್ಯಾರದೋ. ತಮ್ಮ ಫೋನ್ ಮಾಡಿ ಅತ್ತೇಬಿಟ್ಟ. "ಅವಳು ಡೇರಿ ಬಿಟ್ಬಿಡ್ಲಿ ಅಕ್ಕ. ನಮ್ಗೆ ಮರ್ಯಾದೆ ಮುಖ್ಯ." ಕೋಲಾರದಿಂದ ಸಿಕ್ಕ ಬಸ್ಸು ಹತ್ತಿದೆ.

ಮೂವತ್ತು ವರ್ಷ ಪಾಠ ಮಾಡಿ ರಿಟೈರ್ ಆದವಳು ನಾನು. ಮುಂದಾಳತ್ವ ಬೇರೆಯವರಿಗೆ ಬಿಟ್ಟುಕೊಡೋದುಂಟೇ? ಮನೆ ಮನೆ ಬಾಗಿಲು ತಟ್ಟಿ "ದಯವಿಟ್ಟು ಡಿಲೀಟ್ ಮಾಡಿ" ಅಂದೆ. ತಮ್ಮನ ಪಕ್ಕದ ಮನೆಯ ಮುನಿರಾಜು ಕರೆಯದೆಯೇ ಜೊತೆಗೆ ಬಂದ. "ಒಂದು ಫೋನಲ್ಲೂ ಉಳೀಬಾರ್ದು ಟೀಚರಮ್ಮ. ನಮ್ಮ ಹುಡುಗಿ ಮಾನದ ಪ್ರಶ್ನೆ." ಒಬ್ಬ ಅಜ್ಜಿಯಂತೂ "ಮನಕೆಂದುಕಮ್ಮಾ ಈ ಗೊಡವ" (ನಮಗ್ಯಾಕಮ್ಮ ಈ ರಗಳೆ) ಅಂತ ತೆಲುಗಲ್ಲೇ ಅಂದು ಫೋನನ್ನೇ ಅವನ ಕೈಗಿಟ್ಟರು. ಅವನೇ ಅಳಿಸಿಕೊಟ್ಟ. ಗ್ರೂಪನ್ನೂ ಮುಚ್ಚಿಸಿದೆವು. ಎಂಥಾ ಒಗ್ಗಟ್ಟು ಅಂತ ನನ್ನ ಕಣ್ಣು ತುಂಬಿ ಬಂತು.

ಮರುದಿನ ತಮ್ಮನನ್ನೂ ಶೋಭಾಳನ್ನೂ ಕರೆದುಕೊಂಡು ದೂರು ಕೊಡೋಕೆ ಕೋಲಾರದ ಸೈಬರ್ ಠಾಣೆಗೆ ಹೋದೆ. ಮಹಿಳಾ ಎಸ್‌ಐ ಕೇಳಿದರು: "ಫೋಟೊ ತೋರಿಸಿ. ಯಾವ ನಂಬರ್? ಎಷ್ಟು ಗಂಟೆಗೆ ಬಂತು?"

"ಎಲ್ಲಾ ಅಳಿಸಿಬಿಟ್ವಿ ಮೇಡಂ" ಅಂದೆ. (ಹೆಮ್ಮೆಯಿಂದಲೇ!)

ಅವರು ಪೆನ್ನು ಕೆಳಗಿಟ್ಟರು. "ಕಾನೂನು ಇದೆ ಅಮ್ಮಾ. ನಂಬರ್ ಹಿಂದಿರೋನನ್ನ ಹುಡುಕೋ ದಾರೀನೂ ಇದೆ. ಹುಡುಕೋಕೆ ನೀವು ಏನಾದ್ರೂ ಉಳಿಸಿದ್ದೀರಾ?"

ತಮ್ಮ "ನಡಿ ಅಕ್ಕ, ಹೋಗೋಣ" ಅಂತ ಎದ್ದೇಬಿಟ್ಟ. ಆಗ ಶೋಭಾ ತನ್ನ ಫೋನ್ ಮೇಜಿನ ಮೇಲಿಟ್ಟಳು. ಸ್ಕ್ರೀನ್‌ಶಾಟ್! ಫೋಟೊ, ನಂಬರ್, ಸಮಯ, ಎಲ್ಲವೂ ಇತ್ತು.

"ಇದನ್ನ ಇಟ್ಕೊಂಡಿದ್ಯೇನೇ ನೀನು?" ತಮ್ಮ ಸಿಡುಕಿದ.

"ಕೆಟ್ಟ ಹಾಲು ವಾಪಸ್ ಕಳಿಸೋ ಮುಂಚೆ ಒಂದು ಬಾಟ್ಲಿ ಸ್ಯಾಂಪಲ್ ಎತ್ತಿಡ್ತೀನಲ್ಲಪ್ಪ? ಇಲ್ದಿದ್ರೆ ನಾಳೆ ಬಂದು, ನನ್ನ ಹಾಲು ಚೆನ್ನಾಗೇ ಇತ್ತು ಅಂತಾರೆ. ನೋಡೋಕೆ ಅಸಹ್ಯ ಆಯ್ತು. ಆದ್ರೂ ಇಟ್ಕೊಂಡೆ."

ನನಗೆ ನಾಚಿಕೆಯಾಯಿತು. ಆ ಹಾಳು ಚಿತ್ರವನ್ನು ಹುಡುಗಿ ಒಬ್ಬಳೇ ಹೊತ್ತುಕೊಂಡು ತಿರುಗಿದ್ದಳು. ಅವಳನ್ನು ಒಂದು ಮಾತೂ ಕೇಳದೆ ನಾನು ಊರು ಗುಡಿಸಲು ಹೊರಟಿದ್ದೆ. ನಾವು ಹೀಗೇ ಅಲ್ವಾ? ಮನೆಗೆ ಕಳ್ಳ ನುಗ್ಗಿದರೆ ಪೊಲೀಸರು ಬರೋವರೆಗೂ ಬೀಗ ಮುಟ್ಟಬೇಡಿ ಅಂತೀವಿ. ಹೆಣ್ಣುಮಗಳ ಫೋಟೊ ಅಂದ ಕೂಡಲೇ ಪೊರಕೆ ಹಿಡೀತೀವಿ.

ದೂರು ದಾಖಲಾಯಿತು. ಶೋಭಾ ಡೇರಿ ಬಿಡಲಿಲ್ಲ. ಮಾರನೆಯ ಬೆಳಿಗ್ಗೆಯೇ ಲ್ಯಾಕ್ಟೋಮೀಟರ್ ಹಿಡಿದು ಕೂತಳು. ತಲೆ ತಗ್ಗಿಸಿದ್ದು ಸಾಲಿನಲ್ಲಿ ನಿಂತವರೇ.

ಹೋದ ವಾರ ಆ ನಂಬರಿನ ಜಾಡು ಹಿಡಿದು ಪೊಲೀಸರು ನಮ್ಮೂರಿಗೇ ಬಂದರು. ಜೀಪು ನಿಂತದ್ದು ಮುನಿರಾಜು ಮನೆ ಮುಂದೆ. ಅವನ ಹಾಲು ಎರಡು ಸಲ ವಾಪಸ್ ಹೋಗಿತ್ತಂತೆ.

ಈಗ ನೀವೇ ಹೇಳಿ, ಅವತ್ತು ನಾನು ಊರೆಲ್ಲ ಕೈ ಮುಗಿದು ಕಾಪಾಡಿದ್ದು ಯಾರ ಮಾನ?