ನೋವು: ಹತ್ತಕ್ಕೆ ಎರಡು

ಬಟಾಣಿ ಸುಲಿಯುತ್ತಿದ್ದೆ. ಜನವರಿಯಲ್ಲಿ ಫರೀದಾಬಾದಿನ ನಮ್ಮ ಬಾಲ್ಕನಿಗೆ ಬಿಸಿಲು ಬರುವುದೇ ಹನ್ನೊಂದರ ಮೇಲೆ, ಅದೂ ಅದಕ್ಕೆ ಮನಸ್ಸಿದ್ದರೆ. ಅವತ್ತು ಮನಸ್ಸು ಮಾಡಿತ್ತು. ತಟ್ಟೆ ಮುಂದಿಟ್ಟುಕೊಂಡು, ಸಿಪ್ಪೆ ಮಡಿಲಿಗೆ ಹಾಕಿಕೊಳ್ಳುತ್ತ ಕೂತಿದ್ದಾಗ ಫೋನು ಬಂತು. ಸೆಕ್ಟರಿನ ಮಂದಿರದ ವಾಚ್‌ಮನ್. "ಆಂಟೀಜಿ, ಮಾತಾಜಿ ಗಿರ್ ಗಯೀ" ಅಂದ. ನಮ್ಮತ್ತೆ ಮಂದಿರದ ಮೆಟ್ಟಿಲ ಮೇಲೆ ಬಿದ್ದಿದ್ದರು.

ನಾನು ಓಡಿಹೋಗಿ ನೋಡಿದರೆ ಅವರು ಕೆಳಗಿನ ಮೆಟ್ಟಿಲಲ್ಲಿ ಕೂತು, ಪ್ರಸಾದದ ಪೊಟ್ಟಣವನ್ನು ಎದೆಗೆ ಒತ್ತಿಕೊಂಡಿದ್ದರು. ಎಡಗಾಲು ನೋಡಬಾರದ ದಿಕ್ಕಿಗೆ ನೋಡುತ್ತಿತ್ತು. "ಇಳಿಯುವಾಗ ಬಿದ್ದೆ ಕಣೇ, ಹತ್ತುವಾಗ ಅಲ್ಲ. ದರ್ಶನ ಆಗಿತ್ತು ಸದ್ಯ" ಅಂದರು.

ನನಗೊಂದು ಅಭ್ಯಾಸವಿದೆ. ಸಂಜೆ ದೀಪ ಹಚ್ಚುವಾಗ ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತೇನೆ. ದೊಡ್ಡದೇನೂ ಇರುವುದಿಲ್ಲ. ಗ್ಯಾಸ್ ಸಿಲಿಂಡರ್ ಹಬ್ಬದ ದಿನ ಖಾಲಿಯಾಗದೆ ಮಾರನೆಯ ದಿನ ಆಯಿತು, ಅಂಥದ್ದು. ಅವತ್ತು ಒಂದನೆಯ ಗೆಣ್ಣಿಗೆ "ಇಳಿಯುವಾಗ ಬಿದ್ದರು" ಅಂತ ಹಾಕಿಕೊಂಡೆ. ಎರಡನೆಯದಕ್ಕೆ, ಸೊಂಟ ಮುರಿಯಲಿಲ್ಲ, ಕಾಲು ಮಾತ್ರ.

ನಮ್ಮ ಸರಕಾರಿ ಕಾರ್ಡು ನಡೆಯುವ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ಬೆರಳುಗಳನ್ನು ಮಾತ್ರ ಹೊರಗೆ ಬಿಟ್ಟರು. ಊತ ಇಳಿಯುವವರೆಗೆ ಎರಡು ಮೂರು ದಿನ ಇಲ್ಲೇ ಇರಲಿ ಅಂದರು. ವಾರ್ಡಿನ ಗೋಡೆಯ ಮೇಲೆ ಆರು ಮುಖಗಳ ಚಿತ್ರ. ಮೊದಲನೆಯದು ನಗುತ್ತದೆ, ಆರನೆಯದು ಅಳುತ್ತದೆ, ಕೆಳಗೆ ಸೊನ್ನೆಯಿಂದ ಹತ್ತರವರೆಗೆ ಅಂಕೆ. ನೋವೆಷ್ಟು ಅಂತ ರೋಗಿ ಅಂಕೆಯಲ್ಲಿ ಹೇಳಬೇಕು, ಸಿಸ್ಟರ್ ಬರೆದುಕೊಳ್ಳಬೇಕು, ಆಮೇಲೆ ಅದಕ್ಕೆ ತಕ್ಕ ಔಷಧಿ. ಒಳ್ಳೆಯ ಏರ್ಪಾಡು. ನಮ್ಮ ಮನೆಯವರು ಇಲ್ಲದ ಕಡೆ ಚೆನ್ನಾಗಿ ನಡೆಯುತ್ತಿರಬೇಕು.

ನಮ್ಮ ಮನೆಯವರು ಮೂವತ್ತೊಂದು ವರ್ಷದಿಂದ ದೆಹಲಿಯ ಒಂದು ಸಚಿವಾಲಯದಲ್ಲಿ ಕಡತ ಬರೆಯುತ್ತಿದ್ದಾರೆ. ಅವರ ವಿದ್ಯೆಯೆಲ್ಲ ಒಂದೇ ಮಾತಿನಲ್ಲಿದೆ: ಇನ್ನೊಂದು ಪ್ರಶ್ನೆ ಹುಟ್ಟಿಸುವ ಉತ್ತರ ಬರೆಯಬಾರದು. ಸಿಸ್ಟರ್ ಬಂದು "ಮಾತಾಜಿ, ನೋವು ಎಷ್ಟು?" ಅಂತ ಹಿಂದಿಯಲ್ಲಿ ಕೇಳಿದಳು. ಅತ್ತೆ ಬಾಯಿ ತೆರೆಯುವ ಮುಂಚೆ ಇವರು "ದೋ" ಅಂದರು.

ಅವಳು ಹೋದ ಮೇಲೆ ಕೇಳಿದೆ, "ಅಲ್ಲರೀ, ನೋವು ನಿಮ್ಮದಾ ಅವರದಾ?"

"ನಿನಗೆ ಗೊತ್ತಾಗಲ್ಲ ಸುಮ್ನಿರು. ಸೊನ್ನೆ ಅಂದ್ರೆ ಯಾರೂ ನಂಬಲ್ಲ. ಮೂರು ದಾಟಿದ್ರೆ ವಿವರಣೆ ಕೇಳ್ತಾರೆ. ಇನ್ನೊಂದು ಟೆಸ್ಟು, ಇನ್ನೊಬ್ಬ ಡಾಕ್ಟ್ರು. ಎರಡು ಅಂದ್ರೆ ಫೈಲು ಮುಂದೆ ಹೋಗತ್ತೆ."

"ಅವನು ಹೇಳಿದ ಮೇಲೆ ಎರಡೇ ಇರತ್ತೆ ಬಿಡೇ" ಅಂದರು ಅತ್ತೆ. ಮಗ ಆಫೀಸರ್ ಆದಾಗಿನಿಂದ ಅವರಿಗೆ ಮಗನ ಮಾತು ವೇದ. ಸೊಸೆಯ ಮಾತಿಗೆ ಆ ತೊಂದರೆ ಇಲ್ಲ.

ಹೀಗೆ ಆ ದಿನ ಮಧ್ಯಾಹ್ನ ಎರಡು, ಸಂಜೆ ಎರಡು, ಮಾರನೆಯ ಬೆಳಿಗ್ಗೆಯೂ ಎರಡು. ಹೊರಗೆ ಮಂಜು, ಒಳಗೆ ಚಳಿ. ಮಾತೃಭಕ್ತರಾದ ನಮ್ಮ ಮನೆಯವರು ತಮ್ಮದೇ ಒಂದು ಉಣ್ಣೆಯ ಕಾಲುಚೀಲವನ್ನು ತಾಯಿಯ ಬೆರಳುಗಳಿಗೆ ಏರಿಸಿ, ಮೇಲೆ ಎರಡು ಕಂಬಳಿ ಹೊದಿಸಿದರು. ಆ ಸಿಸ್ಟರ್ ಕೇರಳದ ಹುಡುಗಿ, ಅವಳ ಪಾಲಿಗೆ ಹದಿನಾಲ್ಕು ಹಾಸಿಗೆ. ಒಂದೊಂದು ಹಾಸಿಗೆಗೂ ಇಷ್ಟಿಷ್ಟು ಕಾಗದ. ಕಾಗದ ತುಂಬಿ ಮುಗಿಸಿ ಸಮಯ ಉಳಿದರೆ ರೋಗಿಯನ್ನು ನೋಡಬಹುದು. ಹತ್ತಕ್ಕೆ ಎರಡು ನೋವಿರುವ, ಬೆಚ್ಚಗೆ ಹೊದ್ದು ಮಲಗಿದ ಮುದುಕಿಯ ಕಂಬಳಿ ಯಾರು ಎತ್ತಿ ನೋಡುತ್ತಾರೆ?

ಆ ಬೆಳಿಗ್ಗೆ ಇನ್ನೊಬ್ಬ ಹುಡುಗಿ ಬಂದಳು. ಕತ್ತಿನಲ್ಲಿ ಕಾರ್ಡು, ಕೈಯಲ್ಲಿ ಸ್ಲೇಟಿನಂಥ ಟ್ಯಾಬ್ಲೆಟ್. ಗ್ರೇಟರ್ ನೋಯ್ಡಾದ ಯಾವುದೋ ಕಾಲೇಜಿನಲ್ಲಿ ನರ್ಸಿಂಗ್ ಓದುತ್ತಾಳಂತೆ, ರೋಗಿಗಳ ಅನುಭವದ ಬಗ್ಗೆ ಸಂಶೋಧನೆಯಂತೆ. ನನಗೆ ಖುಷಿಯಾಯಿತು. ನಾವು ಪಡುವ ಪಾಡಿನ ಮೇಲೂ ಯಾರೋ ಪರೀಕ್ಷೆ ಪಾಸಾಗುತ್ತಾರಲ್ಲ.

"ಸಿಬ್ಬಂದಿ ಒಳಗೆ ಬಂದಾಗ ತಮ್ಮ ಹೆಸರು ಹೇಳಿದರಾ?" "ಹೇಳಿದರು" ಅಂದರು ನಮ್ಮ ಮನೆಯವರು. "ವಾರ್ಡಿನ ಪರದೆಗಳು ಸ್ವಚ್ಛವಾಗಿದ್ದವಾ?" "ಬಹಳ." "ನಿಮ್ಮ ನೋವನ್ನು ಸರಿಯಾಗಿ ನೋಡಿಕೊಂಡರಾ?" "ತೃಪ್ತಿಕರ." ಎಲ್ಲಕ್ಕೂ ಐದರಲ್ಲಿ ನಾಲ್ಕು ಅಂಕ ಕೊಡಿಸುತ್ತಿದ್ದರು. ಐದು ಕೊಟ್ಟರೆ ಒಳಗೇನೋ ಇದೆ ಅಂತ ಅನುಮಾನ ಬರುತ್ತದಂತೆ.

ಕೊನೆಯ ಪ್ರಶ್ನೆ: "ಈ ಆಸ್ಪತ್ರೆಗೆ ಬರಲು ನಿಮ್ಮ ನೆಂಟರಿಗೆ ಹೇಳ್ತೀರಾ?" ಇದನ್ನು ಕನ್ನಡದಲ್ಲಿ ನಾನೇ ಅತ್ತೆಯನ್ನು ಕೇಳಿದೆ. ಅವರು ಕಣ್ಣು ಮುಚ್ಚಿಕೊಂಡೇ, "ನನ್ನ ನಾದಿನಿ ಒಬ್ಬಳಿದಾಳಲ್ಲ, ಅವಳಿಗೆ ಖಂಡಿತ ಹೇಳ್ತೀನಿ" ಅಂದರು. ಹೇಳ್ತಾರಂತೆ ಅಂತ ನಾನು ಹಿಂದಿಗೆ ತಿರುಗಿಸಿದೆ, ಹುಡುಗಿ ಸಂತೋಷದಿಂದ 'ಹೌದು' ಒತ್ತಿದಳು.

ಅವಳು ಮುಂದಿನ ಹಾಸಿಗೆಗೆ ಹೋದಳು. ನಾನು ಡಬ್ಬಿ ತೆರೆದು ಅತ್ತೆಗೆ ಸಾರನ್ನ ಕಲಸಿದೆ. ಆಸ್ಪತ್ರೆಯ ಊಟ ಅವರು ಮುಟ್ಟುವುದಿಲ್ಲ, ಅದಕ್ಕೆ ಮನೆಯಿಂದ ತಂದಿದ್ದೆ. ನನ್ನ ಸಾರಿನ ವಿಷಯಕ್ಕೆ ಬಂದರೆ, ಮದುವೆಯಾಗಿ ಇಪ್ಪತ್ತಾರು ವರ್ಷ, ಒಂದು ದಿನವೂ ಅದು ಸರಿಯಿರಲಿಲ್ಲ. ಇಂಗು ಜಾಸ್ತಿ, ಹುಳಿ ಕಡಿಮೆ, ಬೇಳೆ ದೆಹಲಿಯದು, ನೀರು ಯಮುನೆಯದು, ಮಾಡಿದವಳು ಇಂಥವರ ಮನೆಯವಳು. ನಾಲ್ಕು ತುತ್ತು ತಿಂದು ಅತ್ತೆ ಅಂದರು, "ಇವತ್ತು ಸಾರು ಚೆನ್ನಾಗಿದೆ ಕಣೇ."

ನನ್ನ ಕೈ ಅಲ್ಲೇ ನಿಂತಿತು. ಡಬ್ಬಿಯ ಮುಚ್ಚಳಕ್ಕೆ ಒಂದಿಷ್ಟು ಬಗ್ಗಿಸಿಕೊಂಡು ಬಾಯಿಗೆ ಹಾಕಿಕೊಂಡೆ. ಬೆಳಗಿನ ಅವಸರದಲ್ಲಿ ಉಪ್ಪೇ ಹಾಕಿರಲಿಲ್ಲ.

"ಅತ್ತೆ, ಕಾಲು ನೋಯ್ತಿದೆಯಾ?"

"ಎರಡು" ಅಂದರು. ಹಣೆಯ ಮೇಲೆ, ಆ ಚಳಿಯಲ್ಲಿ, ಬೆವರು.

ನಾನು ಎದ್ದು ಸಿಸ್ಟರನ್ನು ಹುಡುಕಿಕೊಂಡು ಹೋದೆ. ಹಿಂದಿನಿಂದ ಇವರು, "ಏ, ಎಲ್ಲಿಗೆ? ಅವರಿಗೆ ಕೆಲಸ ಇರತ್ತೆ, ತೊಂದರೆ ಕೊಡಬೇಡ" ಅನ್ನುತ್ತಲೇ ಇದ್ದರು. ಸಿಸ್ಟರ್ ಮೇಜಿನ ಹತ್ತಿರ ನಿಂತು ಬರೆಯುತ್ತಿದ್ದಳು. ನಾನು ಏನಂತ ಹೇಳಲಿ? ನನ್ನ ಹಿಂದಿ ತರಕಾರಿ ಭಯ್ಯಾನ ಹತ್ತಿರ ಚೌಕಾಸಿ ಮಾಡುವ ಮಟ್ಟದ್ದು. ಇದ್ದದ್ದನ್ನೇ ಹೇಳಿದೆ: "ಸಿಸ್ಟರ್, ನಮ್ಮತ್ತೆ ನನ್ನ ಅಡಿಗೆ ಹೊಗಳಿದರು. ಉಪ್ಪಿರಲಿಲ್ಲ. ಆದರೂ ಹೊಗಳಿದರು."

ಬೇರೆ ಯಾರಾದರೂ ನಗುತ್ತಿದ್ದರು. ಅವಳು ಪೆನ್ನು ಕೆಳಗಿಟ್ಟಳು. "ಎಷ್ಟು ವರ್ಷದಲ್ಲಿ ಮೊದಲ ಸಲ?" ಅಂದಳು.

"ಇಪ್ಪತ್ತಾರು."

"ಚಲೋ ಆಂಟಿ" ಅಂತ ನನಗಿಂತ ಮುಂದೆ ನಡೆದಳು. ಅವಳಿಗೂ ಅತ್ತೆ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಕಂಬಳಿ ಎತ್ತಿದಳು. ಕಾಲುಚೀಲ ಎಳೆದಳು. ಬೆರಳುಗಳು ಊದಿ, ಸಣ್ಣ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿ ನೋಡಿದೆ, ಫ್ರಿಜ್ಜಿನಿಂದ ತೆಗೆದ ಹಾಗೆ. ಸಿಸ್ಟರ್ ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆ ಎತ್ತಿದಳು, ಅಷ್ಟೇ. ಅತ್ತೆ "ನಾರಾಯಣಾ" ಅಂತ ಕೂಗಿದ ಕೂಗಿಗೆ ಪಕ್ಕದ ಹಾಸಿಗೆಯಲ್ಲಿ ಪ್ರಶ್ನೆ ಕೇಳುತ್ತಿದ್ದ ಹುಡುಗಿಯ ಟ್ಯಾಬ್ಲೆಟ್ ಬಿದ್ದೇ ಹೋಯಿತು.

ಆಮೇಲೆ ನಡೆದದ್ದೆಲ್ಲ ಬೇಗ. ಡಾಕ್ಟರು ಬಂದರು, ಗರಗಸದ ಮಿಷಿನ್ ಬಂತು, ಪ್ಲಾಸ್ಟರನ್ನು ಮೇಲಿಂದ ಕೆಳಗೆ ಎರಡೂ ಬದಿಯಲ್ಲಿ ಸೀಳಿದರು. ಒಳಗೆ ಕಾಲು ಊದಿ, ಪ್ಲಾಸ್ಟರ್ ಬಿಗಿದು, ರಕ್ತ ಓಡಾಡಲು ಜಾಗವಿರಲಿಲ್ಲ. ಡಾಕ್ಟರು ಚಾರ್ಟ್ ನೋಡಿದರು. "ಎರಡು, ಎರಡು, ಎರಡು. ಇಂಥ ಕಾಲಿಗೆ ಎರಡು ಹೇಗೆ ಬರೆದಿರಿ?" ಅಂತ ಸಿಸ್ಟರನ್ನು ಗದರಿದರು. ನಾನು ನಮ್ಮ ಮನೆಯವರನ್ನು ನೋಡಿದೆ. ಮೂವತ್ತೊಂದು ವರ್ಷ ಉತ್ತರ ಬರೆದವರು ಗಂಟಲು ಸರಿಮಾಡಿಕೊಂಡು, "ಸರ್, ಅದು ನಾನು ಹೇಳಿದ್ದು. ಸಿಸ್ಟರ್ ತಪ್ಪಲ್ಲ" ಅಂದರು. ಇದನ್ನೂ ಒಂದು ಗೆಣ್ಣಿಗೆ ಹಾಕಿದ್ದೇನೆ, ಇಲ್ಲ ಅನ್ನುವುದಿಲ್ಲ.

"ಸಂಜೆಯೊಳಗೆ ಬೆರಳು ಬೆಚ್ಚಗಾಗಿ ತಾನಾಗಿ ಅಲ್ಲಾಡಬೇಕು. ಇಲ್ಲದಿದ್ದರೆ ಆಪರೇಷನ್. ಅದಾದ ಮೇಲೂ ಪಾದ ಮೊದಲಿನ ಹಾಗೆ ಇರುತ್ತದೆ ಅಂತ ನಾನು ಹೇಳಲಾರೆ" ಅಂದು ಡಾಕ್ಟರು ಹೋದರು.

ನಾನು ಹೊರಗಿನ ಬೆಂಚಿನ ಮೇಲೆ ಜಪ ಮಾಡುತ್ತ ಕೂತೆ. ಟ್ಯಾಬ್ಲೆಟಿನ ಹುಡುಗಿ ಬಂದು ಪಕ್ಕದಲ್ಲಿ ಕೂತಳು. "ಆಂಟಿ, ಸಾರಿ" ಅಂದಳು. ನಾನು, "ಮಗೂ, ನೋವಿನ ಪ್ರಶ್ನೆಗೆ ನಾಲ್ಕು ಕೊಟ್ಟೆವಲ್ಲ, ಅದನ್ನ ಬದಲಾಯಿಸು" ಅಂದೆ.

"ಸಬ್ಮಿಟ್ ಆಗಿಹೋಯ್ತು ಆಂಟಿ. ಒಂದ್ಸಲ ಹೋದ್ರೆ ತೆಗೆಯಕ್ಕಾಗಲ್ಲ."

ಅಚ್ಛಾ. ದೇವರು ಕೂಡ ಅಷ್ಟು ಕಟ್ಟುನಿಟ್ಟಿಲ್ಲ, ತಪ್ಪಾಯಿತು ಅಂದರೆ ಕೇಳುತ್ತಾನೆ. "ಹಾಗಾದ್ರೆ ಸಾರಿನ ವಿಷಯ ಯಾವ ಪ್ರಶ್ನೆಯಲ್ಲಿ ಬರತ್ತೆ? ಪರದೆ ಕೇಳಿದೆ, ಹೆಸರು ಕೇಳಿದೆ. ಅತ್ತೆ ಬೈಯೋದು ನಿಲ್ಲಿಸಿದ್ರು ಅಂತ ಬರೆಯೋಕೆ ಜಾಗ ಇದೆಯಾ?"

ಅವಳು ಟ್ಯಾಬ್ಲೆಟ್ ನೋಡಿದಳು. "'ಇತರೆ' ಅಂತ ಒಂದು ಬಾಕ್ಸ್ ಇದೆ, ಆಂಟಿ. ಸಣ್ಣದು."

ಆದರೆ ಆ ಹುಡುಗಿ ಒಂದು ಕೆಲಸ ಮಾಡಿದಳು. ಟ್ಯಾಬ್ಲೆಟನ್ನು ಬ್ಯಾಗಿಗೆ ಹಾಕಿ, ಸಾಧಾರಣ ನೋಟ್‌ಬುಕ್ ತೆಗೆದಳು. "ಅಜ್ಜಿಗೆ ನೋವಿದ್ರೆ ಮನೇಲಿ ನಿಮಗೆ ಹೇಗೆ ಗೊತ್ತಾಗತ್ತೆ? ನಿಧಾನಕ್ಕೆ ಹೇಳಿ" ಅಂದಳು. ಹೇಳಿದೆ. ತಲೆನೋವಿದ್ದರೆ ಪಾತ್ರೆ ಸದ್ದಿಗೆ ಬೈಯುತ್ತಾರೆ, ಮಂಡಿ ನೋವಿದ್ದರೆ ಸತ್ತುಹೋದ ಮಾವನಿಗೆ ಬೈಯುತ್ತಾರೆ, ಜ್ವರ ಬಂದರೆ ನನ್ನ ತವರಿಗೆ. ಯಾರಿಗೂ ಬೈಯದೆ ಇದ್ದರೆ ಹೆದರಬೇಕು. ನಮ್ಮ ಕಡೆ ಹೆಂಗಸರು ಪರರ ಮುಂದೆ ನೋವು ಅನ್ನುವುದಿಲ್ಲ, ದೇವರ ಮೇಲೆ ದೂರು ಕೊಟ್ಟ ಹಾಗಾಗುತ್ತದೆ ಅಂತ. ಅವಳು ಎಲ್ಲವನ್ನೂ ಬರೆದುಕೊಂಡಳು. ಸಿಸ್ಟರ್‌ಗಳಿಗೆ ಹದಿನಾಲ್ಕು ಹಾಸಿಗೆ ಕೊಟ್ಟರೆ ಯಾವ ಅತ್ತೆ ಯಾವಾಗ ಬೈಯುವುದು ನಿಲ್ಲಿಸಿದಳು ಅಂತ ಹೇಗೆ ತಿಳಿಯಬೇಕು, ಅದನ್ನೂ ಬರಿ ಅಂದೆ. ಅದಕ್ಕೆ ಎರಡು ಸಲ ಅಡಿಗೆರೆ ಎಳೆದಳು. ಅವಳ ಕಾಲೇಜಿನ ದೊಡ್ಡವರು ಆ ಪುಟ ಓದುತ್ತಾರೋ ಇಲ್ಲವೋ, ನನ್ನ ಲೆಕ್ಕಕ್ಕೆ ಇನ್ನೊಂದು ಗೆಣ್ಣು.

ನಾಲ್ಕು ಗಂಟೆಗೆ ಗಾರ್ಡ್ ಬಂದು ನನ್ನನ್ನು ಹೊರಡಿಸಿದ. ಆ ಹೊತ್ತಿನ ಮೇಲೆ ರೋಗಿಯ ಜೊತೆ ಒಬ್ಬರೇ ಇರಬೇಕು, ಪಾಸು ನಮ್ಮ ಮನೆಯವರ ಹೆಸರಲ್ಲಿತ್ತು. ಹೊರಡುವಾಗ ಅವರಿಗೆ ಹೇಳಿದೆ, "ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಅಂಕೆ ಹೇಳಬೇಡಿ. ಅವರೇ ಹೇಳಲಿ. ಹೇಳದಿದ್ರೆ ಬೆರಳು ತೋರಿಸಿ."

ಆಟೋದಲ್ಲಿ ಮನೆಗೆ ಬಂದೆ. ಕಾಲು ತೊಳೆದು, ದೀಪ ಹಚ್ಚಿ, ಎಣಿಸಲು ಕೂತರೆ ಎಣಿಕೆ ಮುಂದೆ ಹೋಗಲೇ ಇಲ್ಲ. ಸ್ವಾಮೀ, ಎಣಿಸಿದ್ದೆಲ್ಲ ವಾಪಸ್ ತಗೋ, ಒಂದು ಪಾದ ಬಿಡು ಅಂದೆ. ಆರೂವರೆಗೆ ಫೋನು ಬಂತು.

"ಕೇಳು, ಅಮ್ಮ ಒಂಬತ್ತು ಅಂತ ಹೇಳಿದ್ರು. ಇಂಜೆಕ್ಷನ್ ಕೊಟ್ರು. ಈಗ ಐದು ಅಂತೆ. ನಾನು ಏನೂ ಹೇಳಲಿಲ್ಲ, ಬೇಕಾದ್ರೆ ಸಿಸ್ಟರನ್ನ ಕೇಳು."

"ಅಂಕೆ ಒಲೆಗೆ ಹಾಕಿ. ಬೆರಳು?"

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು. "ಬೆಚ್ಚಗಿದೆ. ಅಲ್ಲಾಡಿಸಿದ್ರು. ಐದೂ. ಡಾಕ್ಟ್ರು ನೋಡಿದ್ರು, ಆಪರೇಷನ್ ಬೇಡವಂತೆ."

ಅಷ್ಟರಲ್ಲಿ ನಲ್ಲಿ ಸುಯ್ ಅಂತು. ನಮ್ಮ ಸೆಕ್ಟರಿಗೆ ನೀರು ಬರುವುದು ಸಂಜೆ ಮುಕ್ಕಾಲು ಗಂಟೆ, ಅದು ಯಾರ ಕಾಲಿಗೂ ಕಾಯುವುದಿಲ್ಲ. ಫೋನಿಟ್ಟು, ಕಣ್ಣು ಒರೆಸಿಕೊಂಡು, ಮೋಟಾರ್ ಹಾಕಿ ಬಕೆಟುಗಳನ್ನು ಸಾಲಾಗಿ ಇಟ್ಟೆ.