ಮೊಂಡಮೇಕೆ ಊಟಕ್ಕೆ ಬಂದ ದಿನ

ನಮ್ಮ ಕ್ಲೈವ್ ಭಾವನಿಗೆ ಊಟಕ್ಕಿಂತ ವಾದ ರುಚಿ. ಅಲ್ವರ್‌ಸ್ಟನ್ ಊರಿನಲ್ಲಿ ಅವನಿಗಿಂತ ಒಳ್ಳೆಯ ಬಸ್ ಡ್ರೈವರ್ ಇರಬಹುದು, ಅವನಿಗಿಂತ ಒಳ್ಳೆಯ ಗಂಡನಂತೂ ಇದ್ದೇ ಇರುತ್ತಾನೆ. ಆದರೆ ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ "ಹಾಗಲ್ಲ, ಹಾಗಲ್ಲ" ಅನ್ನುವುದರಲ್ಲಿ ಅವನನ್ನು ಮೀರಿಸುವವರು ಟಾಸ್ಮೇನಿಯಾದ ಈ ಕರಾವಳಿಯಲ್ಲಿ ಯಾರೂ ಇಲ್ಲ. ಭಾವ ಅಂದರೂ ನಾನು ಅವನನ್ನು ಏಕವಚನದಲ್ಲೇ ಕರೆಯುವುದು. ಶಾಲೆಯಲ್ಲಿ ನನ್ನ ಪಕ್ಕದ ಡೆಸ್ಕಿನಲ್ಲಿ ಕೂರುತ್ತಿದ್ದವನು. ಮುಂದೆ ನಮ್ಮಕ್ಕ ರೋಸ್ಲಿನ್‌ಳನ್ನು ಮದುವೆಯಾದ ಅಂದಮಾತ್ರಕ್ಕೆ ಬಹುವಚನ ಬಾಯಿಗೆ ಬರುತ್ತದೆಯೇ?

ಅವನದು ಶಾಲೆಯ ಬಸ್ಸು. ಬೆಳಗ್ಗೆ ಒಳನಾಡಿನ ಆಲೂಗಡ್ಡೆ ಹೊಲಗಳ ಕಡೆಯಿಂದ ಮಕ್ಕಳನ್ನು ತರುತ್ತಾನೆ, ಮಧ್ಯಾಹ್ನದ ಮೇಲೆ ವಾಪಸ್ ಬಿಡುತ್ತಾನೆ. ನಡುವಿನ ಹೊತ್ತು ಪೂರ್ತಿ ಅವನದೇ. ಲೆವೆನ್ ನದಿ ಸಮುದ್ರ ಸೇರುವ ಕಡೆ ಬಸ್ ನಿಲ್ಲಿಸಿ, ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚಿ, ಫ್ಲಾಸ್ಕಿನ ಚಹಾ ಹೀರುತ್ತ ಫೋನು ಹಿಡಿದರೆ ಅವನಿಗೆ ಲೋಕವೇ ಬೇಡ.

ಮೊದಲೆಲ್ಲ ಈ ವಾದದ ಚಟ ಮನೆಮಂದಿಯ ಮೇಲೆ ತೀರುತ್ತಿತ್ತು. ನನ್ನ ಮದುವೆಯ ಊಟದಲ್ಲಿ ನಮ್ಮ ಮಾವನ ಜೊತೆ ಕ್ಯಾಸೆಟ್ ಒಳ್ಳೆಯದೋ ಸಿ.ಡಿ. ಒಳ್ಳೆಯದೋ ಅಂತ ಶುರು ಹಚ್ಚಿದ. ನಾವು ಕೇಕ್ ಕತ್ತರಿಸಿದ್ದನ್ನು ಅವರಿಬ್ಬರೂ ನೋಡಲೇ ಇಲ್ಲ. ಕೊನೆಗೆ ಅಕ್ಕನ ಪುಣ್ಯಕ್ಕೆ ಮನೆಯ ಪ್ರಿಂಟರ್ ಕೆಟ್ಟಿತು. ಅದನ್ನು ಸರಿಮಾಡುವುದು ಹೇಗೆ ಅಂತ ಅವಳು ಇಂಟರ್‌ನೆಟ್ಟಿನಲ್ಲಿ ಹುಡುಕುವಾಗ ಸಿಕ್ಕಿದ್ದು ‘ಚಿಪ್ಸ್ ಅಂಗಡಿ’ ಅನ್ನುವ ವೆಬ್‌ಸೈಟು. ಹೆಸರು ನೋಡಿ ಮೀನು-ಚಿಪ್ಸ್ ಮಾರುವ ಕಡೆ ಅಂದುಕೊಂಡಳಂತೆ. ನೋಡಿದರೆ ಕಂಪ್ಯೂಟರ್ ಚಿಪ್ಪು. ದೇಶದ ಮೂಲೆಮೂಲೆಯ ಜನ ಅಲ್ಲಿಗೆ ಬಂದು ಕೆಟ್ಟ ಯಂತ್ರಗಳ ಬಗ್ಗೆ ಕೇಳುತ್ತಿದ್ದರು, ಬಲ್ಲವರು ಹೇಳುತ್ತಿದ್ದರು. ಅದರ ಹಿಂದೊಂದು ‘ಹಿತ್ತಲು’ ಅಂತ ವಿಭಾಗ. ಅಲ್ಲಿ ಕೆಲಸದ ಮಾತು ಒಂದೂ ಇಲ್ಲ. ಯಾವ ಫೋನು ಮೇಲು, ಯಾವ ಸಿನಿಮಾ ಕೀಳು, ಇಷ್ಟೇ. ಅಕ್ಕ ಅದನ್ನು ಭಾವನಿಗೆ ತೋರಿಸಿದಳು. ಆ ಸಂಜೆ ಮನೆಯಲ್ಲಿ ಎಷ್ಟೋ ವರ್ಷಗಳ ಮೇಲೆ ಶಾಂತಿಯಿಂದ ಊಟವಾಯಿತು.

ಅಲ್ಲಿ ಎಲ್ಲರಿಗೂ ಕಳ್ಳಹೆಸರು. ಭಾವ ‘ಹಿಂದಿನ ಸೀಟು’ ಅಂತ ಇಟ್ಟುಕೊಂಡ. ವಾರ ಕಳೆಯುವುದರೊಳಗೆ ಅವನಿಗೊಬ್ಬ ಜೋಡಿ ಸಿಕ್ಕಿದ, ‘ಮೊಂಡಮೇಕೆ’.

ಈ ಮೇಕೆ ಯಾರು, ಎಲ್ಲಿಯವನು, ಭಾವನಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೇಕೆಗೆ ಹತ್ತಾರು ಜನ ಸೇರಿ ಬರೆದು ಪುಕ್ಕಟೆ ಹಂಚುವ ಸಾಫ್ಟ್‌ವೇರ್ ಅಂದರೆ ಪ್ರಾಣ. ಭಾವ ಕೇಳುತ್ತಿದ್ದ: "ಪುಕ್ಕಟೆ ಸಿಕ್ಕಿದ್ದು ಕೆಟ್ಟರೆ ಯಾರ ಕೊರಳಪಟ್ಟಿ ಹಿಡಿಯಲಯ್ಯಾ?" ಮೇಕೆ ಬರೆಯುತ್ತಿದ್ದ: "ದುಡ್ಡು ಕೊಟ್ಟು ತಗೊಂಡಿದ್ದೀಯಲ್ಲ, ಇಲ್ಲೀತನಕ ಯಾರ ಕೊರಳಪಟ್ಟಿ ಹಿಡಿದೆ?" ಇದನ್ನು ಓದಿ ಭಾವ ಬಸ್ಸಿನಲ್ಲಿ ಒಬ್ಬನೇ ನಕ್ಕು ಚಹಾ ಚೆಲ್ಲಿಕೊಂಡನಂತೆ. ಸಂಜೆ ನಮಗೂ ಓದಿ ಹೇಳಿದ. ಸೋತ ವಾದವನ್ನು ಅವನು ಅಷ್ಟು ಖುಷಿಯಿಂದ ಹೇಳಿಕೊಂಡದ್ದನ್ನು ನಾನು ಅದೇ ಮೊದಲು ಕಂಡದ್ದು.

ಇವೆಲ್ಲ ಚಿಲ್ಲರೆ ಜಗಳ. ದೊಡ್ಡ ಜಗಳ ‘ಏಳನೆಯ ಗಾಳಿಕೋಣೆ’ ಅನ್ನುವ ಸಿನಿಮಾದ್ದು. ಆಕಾಶನೌಕೆಯ ಕಥೆ. ಕೊನೆಯಲ್ಲಿ ನೌಕೆ ಒಡೆಯುತ್ತಿದೆ, ಕ್ಯಾಪ್ಟನ್ ಹೆಂಗಸು ಹೊರಗೆ ಉಳಿದಿದ್ದಾಳೆ, ಗಾಳಿಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಒಳಗಿದ್ದವರು ಬದುಕಿಕೊಳ್ಳುತ್ತಾರೆ. ಬಾಗಿಲು ಮುಚ್ಚಿದ್ದು ಯಾರು? ನೌಕೆಯ ಕಂಪ್ಯೂಟರ್ ಅಂತ ಭಾವ. ಅವಳೇ ಗುಂಡಿ ಒತ್ತಿದಳು ಅಂತ ಮೇಕೆ.

"ಅವಳ ಕೈ ನೋಡು ಮಾರಾಯ. ಕಣ್ಣಿಗೆ ಬಸ್ಸಿನ ಗಾಜು ಒರೆಸೋ ಬಟ್ಟೆ ಕಟ್ಕೊಂಡಿದ್ದೀಯಾ?"

"ಕೈ ಎತ್ತೋಕೆ ಮುಂಚೆನೇ ಬಾಗಿಲು ಅಲ್ಲಾಡಿತು. ಗಡ್ಡ ಇದ್ದಮಾತ್ರಕ್ಕೆ ಬುದ್ಧಿ ಇರಲ್ಲ ಮೇಕೆ."

ವರ್ಷಗಟ್ಟಲೆ ಇದೇ. ಹಿತ್ತಲಿಗೆ ಹೊಸಬರು ಬಂದು ಬೇಸತ್ತು ಹೋಗುತ್ತಿದ್ದರು, ಇವರಿಬ್ಬರಿಗೆ ಮಾತ್ರ ಬೇಸರವಿಲ್ಲ. ಸಂಜೆ ಭಾವ ಬಾಗಿಲು ತೆರೆದರೆ ಅಕ್ಕ ಮೊದಲು ಕೇಳುತ್ತಿದ್ದದ್ದು, "ಏನಂತೆ, ಮೇಕೆ ಮೇಯ್ತಾ ಇವತ್ತು?"

ಒಂದು ಬೇಸಿಗೆಯಲ್ಲಿ ಮೇಕೆ ಸುಮ್ಮನಾಯಿತು. ಒಂದು ವಾರ, ಎರಡು ವಾರ. ಭಾವ ಬೇಕೆಂದೇ ಕೆಣಕುವಂಥ ಮಾತು ಹಾಕಿದ. ಉತ್ತರವಿಲ್ಲ. ಊಟ ಮಾಡುವಾಗಲೂ ಫೋನು ತಟ್ಟೆಯ ಪಕ್ಕದಲ್ಲಿ. ಅಕ್ಕನಿಗೂ ಕಸಿವಿಸಿ. "ಒಂದು ಮಾತು ಕೇಳಬಾರದೇನೋ? ಜಗಳಕ್ಕೆ ಮಾತ್ರ ಬೇಕಾ ಅವನು?" ಅಂದಳು. ಭಾವ ಇಡೀ ಸಂಜೆ ಅಳಿಸಿ ಅಳಿಸಿ, ಬೇರೆಯವರಿಗೆ ಕಾಣದ ಹಾಗೆ ಒಂದು ಸಾಲು ಕಳಿಸಿದ: "ಹುಷಾರಾಗಿದ್ದೀಯೇನಯ್ಯಾ?"

ಮರುದಿನ ಉತ್ತರ ಬಂತು. "ಏಣಿಯಿಂದ ಬಿದ್ದೆ. ಬಲಗೈ ಮುರಿದಿದೆ. ಇದನ್ನು ಎಡಗೈಲಿ ಕುಟ್ಟುತ್ತಾ ಇದ್ದೀನಿ. ಎಡಗೈಲಿ ಬರೆದರೂ ನೀನು ಹೇಳೋದು ತಪ್ಪೇ."

ಭಾವ ನಮ್ಮ ಬೇಕರಿಗೆ ಓಡಿಬಂದು, ಗಿರಾಕಿಗಳೆಲ್ಲ ನಿಂತಿರುವಾಗಲೇ ಅದನ್ನು ಗಟ್ಟಿಯಾಗಿ ಓದಿದ. ಮುಖ ನೋಡಿದರೆ ಮೊಮ್ಮಗು ಹುಟ್ಟಿದ ಹಾಗಿತ್ತು.

ಅಲ್ಲಿಂದಾಚೆ ಜಗಳದ ನಡುನಡುವೆ ಒಂದೊಂದು ಮನೆಮಾತೂ ಸೇರಿತು. ಮೇಕೆಯ ಹೆಸರು ಹೆಂಕ್ ವೆರ್ಮ್ಯೂಲೆನ್. ಇರುವುದು ಸಮುದ್ರದಾಚೆ, ಮೌಂಟ್ ಗ್ಯಾಂಬಿಯರ್‌ನಲ್ಲಿ. ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ. ಒಬ್ಬನೇ. ಕೈ ಕೂಡಿಕೊಂಡ ಮೇಲೆ ಭಾವ ಕರೆದ: "ಈಸ್ಟರ್ ರಜೆಗೆ ಹಡಗು ಹತ್ತಿ ಬಾ. ಎದುರುಬದುರು ಕೂತು ಆ ಬಾಗಿಲು ಯಾರು ಮುಚ್ಚಿದ್ದು ಅಂತ ಒಂದು ಕೈ ನೋಡೇ ಬಿಡೋಣ." ಹೆಂಕ್ ತುಂಬ ದಿನ ಏನೂ ಹೇಳಲಿಲ್ಲ. ಆಮೇಲೆ, "ಬರ್ತೀನಿ" ಅಂತಷ್ಟೇ ಬರೆದ.

ಬಂದ. ನಾನು ಬೇಕರಿಯಿಂದ ಮಸಾಲೆ ಹಾಕಿದ ಸ್ಕ್ಯಾಲಪ್ ಚಿಪ್ಪುಮೀನು ತುಂಬಿ ಬೇಯಿಸಿದ ಪೈ ತಂದಿದ್ದೆ. ಅಕ್ಕ ಕುರಿಮಾಂಸ ಹುರಿದಿದ್ದಳು. ಭಾವ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡು, ಹುಡುಗಿ ನೋಡಲು ಹೋಗುವವನ ಹಾಗೆ ಗೇಟಿನ ಹತ್ತಿರ ನಿಂತಿದ್ದ. ವ್ಯಾನಿನಿಂದ ಇಳಿದದ್ದು ಉದ್ದನೆಯ, ಬಾಗಿದ ಬೆನ್ನಿನ, ಗಡ್ಡವೇ ಇಲ್ಲದ ಮನುಷ್ಯ. ಭಾವನ ಕೈ ಹಿಡಿದು ಬಹಳ ಹೊತ್ತು ಕುಲುಕಿದ, ನಕ್ಕ. ತುಟಿ ಅಲ್ಲಾಡಿತು. ಅಷ್ಟರಲ್ಲಿ ಭಾವ, "ಹಡಗು ಹೇಗಿತ್ತು? ಅಲೆ ಜೋರಿತ್ತಾ? ಇರಲೇಬೇಕು, ಬಾ ಬಾ ಒಳಗೆ" ಅಂತ ಎಳೆದುಕೊಂಡೇ ಹೋದ.

ಊಟದ ಮೇಜಿನಲ್ಲಿ ಆದದ್ದು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಹೆಂಕ್ "ಈ ಪೈ..." ಅಂದು ನಿಲ್ಲುತ್ತಾನೆ. "ಚೆನ್ನಾಗಿದೆ ಅಲ್ವಾ?" ಅಂತ ಭಾವ ಮುಗಿಸುತ್ತಾನೆ. "ನಾನು ಬರುವಾಗ..." "ದಾರಿ ತಪ್ಪಿದೆಯಾ? ಆ ತಿರುವಿನಲ್ಲಿ ಎಲ್ಲರೂ ತಪ್ತಾರೆ." ಹೆಂಕ್ ತಲೆ ಆಡಿಸುತ್ತಾನೆ. ಸಿನಿಮಾದ ಮಾತು ಎತ್ತಿದರೂ ಅಷ್ಟೇ, ಭಾವನೇ ಎರಡೂ ಕಡೆಯ ವಾದ ಹೇಳಿಕೊಂಡು ಒಬ್ಬನೇ ಗೆದ್ದ. ಪೈ ಮುಗಿಯುವ ಹೊತ್ತಿಗೆ ಹೆಂಕ್ ತಟ್ಟೆಯನ್ನೇ ನೋಡುತ್ತಿದ್ದ.

ತಟ್ಟೆ ಎತ್ತಿಕೊಂಡು ನಾವು ಮೂವರೂ ಅಡುಗೆಮನೆಗೆ ಬಂದೆವು. ಭಾವನ ಮುಖ ಬಾಡಿತ್ತು.

"ಅವನಿಗೆ ನಾವು ಹಿಡಿಸಲಿಲ್ಲ ಕಣೆ" ಅಂದ ಮೆಲ್ಲಗೆ. "ಅಲ್ಲಿ ಹುಲಿ ಥರ ಇದ್ದವನು, ಇಲ್ಲಿ ಬಾಯೇ ಬಿಡಲ್ಲ. ನನ್ನ ನೋಡಿ ಇಷ್ಟೇನಾ ಅನ್ನಿಸಿರಬೇಕು."

"ಬಾಯಿ ಬಿಡೋಕೆ ನೀನು ಜಾಗ ಎಲ್ಲಿ ಕೊಟ್ಟೆ?" ಅಂದಳು ಅಕ್ಕ.

"ಮಾತು ತುಂಬಿಸದೆ ಇದ್ದರೆ ಅವನಿಗೆ ಮುಜುಗರ ಆಗಲ್ವಾ?"

"ಭಾವ," ಅಂದೆ ನಾನು, "ಅವನು ಹೇಳೋಕೆ ಹೊರಟಿದ್ದು ಒಂದು, ನೀನು ಮುಗಿಸಿದ್ದು ಇನ್ನೊಂದು. ನನಗೆ ಹಾಗೆ ಕಾಣಿಸಿತಪ್ಪ."

ಅಷ್ಟರಲ್ಲಿ ಭಾವನ ಜೇಬಿನಲ್ಲಿ ಫೋನು ಟಿಂಗ್ ಅಂತು. ತೆಗೆದು ನೋಡಿದ. ಚಿಪ್ಸ್ ಅಂಗಡಿಯ ಹಿತ್ತಲಿನಲ್ಲಿ, ಊರಿಗೆಲ್ಲ ಕಾಣುವ ಹಾಗೆ, ಮೊಂಡಮೇಕೆ ಬರೆದಿದ್ದ: "ಹಿಂದಿನ ಸೀಟಿನ ಮನೆಯಲ್ಲಿ ಕೂತಿದ್ದೇನೆ. ಪೈ ಅಮೋಘ. ಮನೆಯವರು ಚಿನ್ನದಂಥವರು. ಸಿನಿಮಾ ವಿಷಯದಲ್ಲಿ ಮಾತ್ರ ಈ ಮನುಷ್ಯ ಹತ್ತಿರದಿಂದ ನೋಡಿದರೂ ಕತ್ತೆಯೇ."

ಭಾವ ಪಾತ್ರೆ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕ. ಅಲ್ಲೇ ನಿಂತು ಕುಟ್ಟಿದ: "ಕತ್ತೆ ಮನೆಯ ಕುರ್ಚಿ ಮೇಲೆ ಕೂತು ಮೇಕೆ ಮಾತಾಡ್ತಾ ಇದೆ." ಊಟದ ಕೋಣೆಯಿಂದ ಮೂಗಿನಲ್ಲಿ ನಕ್ಕ ಸದ್ದು ಕೇಳಿತು. ಮತ್ತೆ ಟಿಂಗ್. ಮತ್ತೆ ಉತ್ತರ. ಗೋಡೆಯ ಆಚೆ ಒಬ್ಬ, ಈಚೆ ಒಬ್ಬ.

"ಒಂದೇ ಸೂರಿನ ಕೆಳಗೆ ಇದೇನ್ರೋ ನಿಮ್ಮದು!" ಅಂತ ಅಕ್ಕ ಸೌಟು ಎತ್ತಿದಳು. "ನಾಚಿಕೆ ಆಗಲ್ವಾ? ಹೋಗು ಆಚೆಗೆ!"

ಆಗ ಮತ್ತೊಂದು ಬಂತು. ಇದು ಭಾವನಿಗೆ ಮಾತ್ರ ಕಾಣುವಂಥದ್ದು. ಓದಿದವನು ನಗು ನಿಲ್ಲಿಸಿ, ಫೋನನ್ನು ನಮ್ಮತ್ತ ತಿರುಗಿಸಿದ.

"ನನಗೆ ಉಗ್ಗು ಇದೆ. ಹೊಸಬರ ಎದುರು ಜಾಸ್ತಿ. ಜನ ಪಾಪ ಅಂತ ನನ್ನ ಮಾತು ಅವರೇ ಮುಗಿಸಿಬಿಡ್ತಾರೆ. ಒಂದು ನಿಮಿಷ ಬಿಟ್ಟರೆ ನಾನೇ ಮುಗಿಸ್ತೀನಿ. ಅಂಗಡಿಯಲ್ಲಿ ನೀನು ಒಂದು ದಿನವೂ ನನ್ನ ಮಾತು ಮುಗಿಸಿರಲಿಲ್ಲ, ಅದಕ್ಕೇ ನಿನ್ನ ಜೊತೆ ಜಗಳ ಚೆನ್ನಾಗಿರ್ತಿತ್ತು."

ಭಾವ ಫೋನನ್ನು ಜೇಬಿಗೆ ಹಾಕಿಕೊಂಡ. ಕೈ ಒರೆಸಿಕೊಂಡ. ಆಚೆ ಹೋಗಿ ಹೆಂಕನ ಎದುರಿನ ಕುರ್ಚಿಯಲ್ಲಿ ಕೂತು, ಎರಡೂ ಅಂಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ, ಬಾಯಿಯ ಬದಲು ಕೈಯನ್ನು ಕಟ್ಟಿಹಾಕುವವನ ಹಾಗೆ.

"ಹೇಳಯ್ಯಾ" ಅಂದ. "ಎಲ್ಲಿಗೂ ಹೋಗಲ್ಲ ನಾನು."

ಹೆಂಕ್ ಶುರು ಮಾಡಿದ. ಮೊದಲ ಅಕ್ಷರದಲ್ಲೇ ನಿಂತಿತು. ಕುತ್ತಿಗೆಯ ನರ ಬಿಗಿಯಿತು. ನನಗೇ ತಡೆಯಲಾಗದೆ ಕಿಟಕಿಯ ಕಡೆ ನೋಡಿದೆ. ಭಾವನ ತುಟಿ ಎರಡು ಸಲ ತೆರೆಯಿತು, ಎರಡು ಸಲವೂ ತಾನೇ ಮುಚ್ಚಿಕೊಂಡ. ಅವನು ಕಣ್ಣನ್ನೂ ಸರಿಸಲಿಲ್ಲ. ಹೊರಗೆ ಕೋಳಿಗಳು ಕೆದಕುವುದು ಕೇಳಿಸುತ್ತಿತ್ತು.

"ಕ್... ಕ್ಯಾಪ್ಟನ್ನಿನ ಕೈ," ಅಂದ ಹೆಂಕ್ ಕೊನೆಗೆ. ಉಸಿರು ಎಳೆದುಕೊಂಡು ಪೂರ್ತಿ ಮಾಡಿದ. "ಅವಳ ಕೈ ನೋಡದೆ ಇರೋನಿಗೆ ಮಕ್ಕಳ ಬಸ್ಸು ಕೊಟ್ಟಿದ್ದಾರಲ್ಲ, ಈ ಊರಿನವರಿಗೆ ತಲೆ ಇದೆಯಾ?"

ಭಾವ ತೊಡೆಯ ಕೆಳಗಿನಿಂದ ಕೈ ತೆಗೆದು ಚಪ್ಪಾಳೆ ಹೊಡೆದ. "ಇದು! ಇದು ನನ್ನ ಮೇಕೆ!"

ಆಮೇಲೆ ಏನು ಕೇಳುತ್ತೀರಿ. ಸಂಜೆಯವರೆಗೆ ಆ ಇಬ್ಬರೂ ಕಿತ್ತಾಡಿದರು. ಹೆಂಕ್ ಬೇಕಾದಷ್ಟು ಹೊತ್ತು ತೆಗೆದುಕೊಂಡು ಮಾತಾಡಿದ, ಭಾವ ಕುದಿಯುತ್ತ ಕುದಿಯುತ್ತ ಕಾದ. ಕಾಯುವ ಹೊತ್ತಿನಲ್ಲಿ ಅವನಿಗೆ ಒಳ್ಳೆ ಉತ್ತರವೂ ಹೊಳೆಯುತ್ತಿತ್ತಂತೆ. ವಾದ ತೀರದೆ ಕೊನೆಗೆ ಸಿನಿಮಾವನ್ನೇ ಹಾಕಿ ನೋಡೋಣ ಅಂತಾಯಿತು. ಇಷ್ಟು ವರ್ಷ ಅದರ ಹೆಸರು ಕೇಳಿ ಕಿವಿ ತೂತಾಗಿದ್ದರೂ ಅಕ್ಕ ಅದನ್ನು ನೋಡಿರಲಿಲ್ಲ. ಸ್ವೆಟರ್ ಹೆಣೆಯುತ್ತ ಕೂತಳು. ಬಾಗಿಲಿನ ದೃಶ್ಯ ಬಂತು, ಹೋಯಿತು. ಇಬ್ಬರೂ ಅವಳ ಕಡೆ ತಿರುಗಿದರು.

"ಯಾರೂ ಮುಚ್ಚಿಲ್ಲ" ಅಂದಳು ಅಕ್ಕ, ಸೂಜಿಯಿಂದ ಕಣ್ಣೆತ್ತದೆ. "ಬಾಗಿಲ ಕೀಲು ಸಡಿಲ. ಗಾಳಿಗೆ ಮುಚ್ಕೊಂಡಿತು. ನಮ್ಮ ಕೋಳಿಗೂಡಿಂದೂ ಹಾಗೇ ಆಗುತ್ತೆ."

"ಆಕಾಶದಲ್ಲಿ ಗಾಳಿ ಎಲ್ಲಿದೆ!" ಅಂತ ಇಬ್ಬರೂ ಒಂದೇ ಕಂಠದಲ್ಲಿ ಕೂಗಿದರು. ಹೆಂಕನ ನಾಲಿಗೆ ಎಲ್ಲೂ ತಡೆಯಲಿಲ್ಲ. ಮುಂದಿನ ಮಾತಿಗೆ ಮತ್ತೆ ತಡೆಯಿತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಕ್ಕನ ಮೂರ್ಖತನದ ಬಗ್ಗೆ ಅವರಿಬ್ಬರಲ್ಲಿ ಎಂದೂ ಇಲ್ಲದ ಒಮ್ಮತ ಮೂಡಿತ್ತು. ಅಕ್ಕ ಪಟ್ಟು ಬಿಡಲಿಲ್ಲ. ಈಗಲೂ ಬಿಟ್ಟಿಲ್ಲ.

ಎರಡು ದಿನಕ್ಕೆ ಬಂದವನು ರಜೆ ಪೂರ್ತಿ ಉಳಿದ. ನನ್ನ ಬೇಕರಿಯ ಬಣ್ಣ ಹೋದ ಬೋರ್ಡನ್ನು ಇಳಿಸಿ, ಹಳದಿ ಅಕ್ಷರಕ್ಕೆ ಕೆಂಪು ನೆರಳು ಕೊಟ್ಟು ಬರೆದ. ಭಾವ ಏಣಿ ಹಿಡಿದುಕೊಂಡು ಕೆಳಗೆ ನಿಂತು, ಆ ಬಣ್ಣ ಯಾಕೆ ತಪ್ಪು ಅಂತ ಹೇಳುತ್ತಲೇ ಇದ್ದ. ಭಾವ ಪೂರ್ತಿ ಬದಲಾದ ಅಂದರೆ ಸುಳ್ಳಾಗುತ್ತದೆ. ಆದರೆ ನಮ್ಮ ಮಾತಿಗೆ ನಡುವೆ ಬಾಯಿ ಹಾಕಲು ಹೊರಟು, ಒಮ್ಮೊಮ್ಮೆ ತಾನೇ ತಡೆದು, "ಸರಿ, ಹೇಳು ಹೇಳು" ಅನ್ನುತ್ತಾನೆ. ನಾವು ಏನು ಹೇಳಲು ಹೊರಟಿದ್ದೆವೋ ನಮಗೇ ಮರೆತಿರುತ್ತದೆ.

ಹೆಂಕ್ ಊರಿಗೆ ಹೋದ ಮೇಲೆ ಒಂದು ಭಾನುವಾರ ಮನೆಯ ಫೋನು ರಿಂಗಾಯಿತು. ಅಕ್ಕ ಎತ್ತಿ, "ಹಲೋ, ಹಲೋ" ಅಂದು, "ಯಾರೂ ಇಲ್ಲ" ಅಂತ ಇಡಲು ಹೋದಳು. ಭಾವ ಹಾರಿ ಬಂದು ಕಿತ್ತುಕೊಂಡ. "ಇದ್ದಾನೆ ಕಣೆ." ಹೆಂಕ್ ಜೀವಮಾನವಿಡೀ ಫೋನಿಗೆ ಹೆದರುತ್ತಿದ್ದನಂತೆ. ಈಗ ಪ್ರತಿ ಭಾನುವಾರ ಚಹಾದ ಹೊತ್ತಿಗೆ ಫೋನು ಮಾಡುತ್ತಾನೆ. ನಾನು ಹೋದಾಗಲೆಲ್ಲ ನೋಡುತ್ತೇನೆ: ಭಾವ ಬಿಸಿಲಿಗೆ ಮುಖ ಕೊಟ್ಟು, ಫೋನು ಕಿವಿಗೊತ್ತಿಕೊಂಡು, ಒಂದು ಮಾತೂ ಆಡದೆ ಕೂತಿರುತ್ತಾನೆ. ಬರಲಿರುವ ಬೈಗುಳಕ್ಕಾಗಿ ಕಾಯುತ್ತ, ನಗುತ್ತ.