ಅಂಕಿ ಯಾವ ಕಡೆಯಿಂದ

ಮೊದಲೇ ಹೇಳಿಬಿಡುತ್ತೇನೆ: ನನ್ನ ಪ್ರೋಗ್ರಾಮಿನ ತಪ್ಪನ್ನು ನಾನು ಒಬ್ಬ ಹಿರಿಯರ ತಲೆಗೆ ಕಟ್ಟಿದೆ.

ಅವರು ಬೀದರ ಕಡೆಯವರು. ಲಿಂಗಂಪಲ್ಲಿಯ ಆಚೆ ನಮ್ಮ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ, ಓವನ್ನಿನ ಸೆನ್ಸರುಗಳಿಗೆ ತಂತಿ ಜೋಡಿಸುವುದು ಅವರ ಕೆಲಸ. ಮೂವತ್ತು ವರ್ಷದಲ್ಲಿ ಒಂದು ತಂತಿಯನ್ನೂ ಸಡಿಲ ಬಿಟ್ಟವರಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿತ್ತು, ಅದೇ ಕೋಣೆಯಿಂದಲೇ ಹೊರಡಬೇಕೆಂಬುದು ಅವರ ಆಸೆ.

ಆ ತಂತಿಗಳಿಂದ ಬಂದ ಉಷ್ಣಾಂಶವನ್ನು ಫೈಲಿಗೆ ಬರೆಯುವ ಸಿ ಪ್ರೋಗ್ರಾಮು ನನ್ನದು. ಸೆನ್ಸರಿನ ಸಂಖ್ಯೆಗೆ ಒಂದು ಬೈಟು, ಉಷ್ಣಾಂಶಕ್ಕೆ ಎರಡು. ಎರಡನ್ನೂ ಒಟ್ಟಿಗೆ ಹಿಡಿದಿಡುವ ಸ್ಟ್ರಕ್ಚರನ್ನು ನಡುವೆ ಖಾಲಿ ಜಾಗ ಬಿಡದಂತೆ ಪ್ಯಾಕ್ ಮಾಡಿ, ಮೆಮೊರಿಯಲ್ಲಿದ್ದ ಹಾಗೇ ಫ್ಲಾಪಿಗೆ ಇಳಿಸಿದ್ದೆ. ಇಷ್ಟು ಬಿಗಿಯಾಗಿ ಕಟ್ಟಿದ ಮೇಲೆ ಯಾವ ಮಷಿನ್ನಿನಲ್ಲಿ ಬಿಚ್ಚಿದರೂ ಹಾಗೇ ಇರುತ್ತದೆ ಎಂದು ಸಿಕ್ಕವರ ಮುಂದೆಲ್ಲ ಕೊಚ್ಚಿಕೊಂಡಿದ್ದೆ.

ಹೊಸ ವರ್ಕ್‌ಸ್ಟೇಷನ್ ಬಂತು. ಅದರಲ್ಲಿ ಫ್ಲಾಪಿ ಓದಿಸಿದರೆ ಇಪ್ಪತ್ತೈದು ಡಿಗ್ರಿ ಇರಬೇಕಾದ ಕಡೆ ಆರು ಸಾವಿರದ ನಾಲ್ಕುನೂರು. ಹಿರಿಯರ ನೋಟುಬುಕ್ಕಿನಲ್ಲಿ ಮಾತ್ರ ಇಪ್ಪತ್ತೈದೇ ಇತ್ತು. ನಮ್ಮ ವಿಭಾಗದ ಸಾಹೇಬರು ಕಾರಣ ಕೇಳಿದರು. ಅಲ್ಲೇ ಇದ್ದ ಹಿರಿಯರಿಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲಿ, ಅರ್ಥ್ ತಂತಿ ಸಡಿಲವಿರಬೇಕು, ಪಾಪ ವಯಸ್ಸಾಯಿತು ಎಂದೆ. ಆ ‘ಪಾಪ’ ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಸಾಹೇಬರು ಅದನ್ನೇ ಅವರಿಗೆ ಹಿಂದಿಯಲ್ಲಿ ಹೇಳಿ, ಪರೀಕ್ಷಾ ಕೋಣೆಯಿಂದ ತೆಗೆದು ಸಾಮಾನಿನ ಸ್ಟೋರಿಗೆ ಹಾಕಿದರು.

ಟಿಫಿನ್ ಡಬ್ಬಿ ತೆಗೆದುಕೊಳ್ಳಲು ಬಂದ ಹಿರಿಯರು ನನ್ನನ್ನು ಕೇಳಿದರು, “ನಮ್ಮ ಸಾಲ್ಯಾಗ ಉರ್ದು ಬಲದಿಂದ ಓದತಿದ್ವಿ, ಅಂಕಿ ಮಾತ್ರ ಎಡದಿಂದ. ನಿಮ್ಮ ಹೊಸಾ ಮಷಿನ್ ಅಂಕಿ ಯಾ ಕಡಿಂದ ಓದತೈತ್ರಿ?”

“ಕಂಪ್ಯೂಟರಿಗೆ ಉರ್ದು ಬರಂಗಿಲ್ರಿ,” ಎಂದು ನಕ್ಕುಬಿಟ್ಟೆ.

ಹತ್ತು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಎರಡು ಬೈಟಿನ ಸಂಖ್ಯೆಯಲ್ಲಿ ಹಳೇ ಮಷಿನ್ನು ಚಿಕ್ಕ ಬೆಲೆಯ ಬೈಟನ್ನು ಮೊದಲು ಇಡುತ್ತಿತ್ತು, ಹೊಸದು ದೊಡ್ಡ ಬೆಲೆಯದನ್ನು. ಪ್ಯಾಕ್ ಮಾಡಿದ್ದರಿಂದ ಸಂದು ಮುಚ್ಚಿತ್ತು, ಅಷ್ಟೆ. ಯಾವ ಕಡೆಯಿಂದ ಓದಬೇಕೆಂದು ನಾನು ಎಲ್ಲೂ ಬರೆದಿರಲಿಲ್ಲ. ಓದುವಾಗ ಬೈಟುಗಳನ್ನು ಅದಲುಬದಲು ಮಾಡಿದೆ, ಇಪ್ಪತ್ತೈದು ಬಂತು. ಸಾಹೇಬರಿಗೆ “ಸರಿಹೋಯಿತು” ಎಂದೆ. ಏನು ತಪ್ಪಿತ್ತೆಂದು ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಹಿರಿಯರು ಸ್ಟೋರಿನಲ್ಲೇ ಉಳಿದರು.

ಬೀಳ್ಕೊಡುಗೆಯ ದಿನ ಅವರು ಸಮೋಸಾ ಹಂಚುತ್ತ ನನ್ನ ಹತ್ತಿರ ಬಂದರು. “ಒಂದು ಕೇಳತೀನಿ, ಖರೇ ಹೇಳ್ರಿ. ಅರ್ಥ್ ತಂತಿ ಯಾ ಕಡಿ ಲೂಸ್ ಆಗಿತ್ರಿ? ಎರಡೂ ಕಡಿ ನಾನ ಬಿಗಿ ಮಾಡಿದ್ದೆ.”

ಆಗಲಾದರೂ ಹೇಳಬಹುದಿತ್ತು. ಸಾಹೇಬರು ಪಕ್ಕದಲ್ಲೇ ನಿಂತಿದ್ದರು.

“ಬಲಗಡಿ,” ಎಂದೆ.

ಅವರು ತಲೆಯಾಡಿಸಿದರು. “ಹಂಗಾದ್ರ ತಪ್ಪು ನಂದ ಬಿಡ್ರಿ,” ಎಂದು ನನ್ನ ತಟ್ಟೆಗೆ ಇನ್ನೊಂದು ಸಮೋಸಾ ಹಾಕಿದರು.